ಮುಚ್ಚಿದ ಮೇಲೆ

ಬೆಳಿಗ್ಗೆ ಏಳೂಕಾಲಕ್ಕೆ ಕೀ ತಿರುಗಿಸಿದರೆ
ನನ್ನ ಹಳೇ ಪದ್ಮಿನಿ ಟಕ್ ಅನ್ನುತ್ತಿತ್ತು,
ಅಷ್ಟೇ. ಗಂಟಲು ಕಟ್ಟಿದವರು
ಹೂಂ ಅನ್ನಲೂ ಆಗದೆ ನಾಲಿಗೆ ಹೊರಳಿಸಿದ ಹಾಗೆ.

ಕಿಟಕಿಯಿಂದ ತಲೆ ಹೊರಗಿಟ್ಟು ಸೀಟಿ ಊದುತ್ತಿದ್ದೆ.
ಬಾಣಾವರ ಹೈಸ್ಕೂಲಿನ ಪಿ.ಟಿ. ಮಿಸ್ಸು ನಾನು,
ಕೊರಳಲ್ಲಿ ತಾಳಿ ಇಲ್ಲ, ಸೀಟಿ ಇದೆ.
ಮೊದಲನೆಯದಕ್ಕೆ ಇಡ್ಲಿ ತಟ್ಟೆ ಇಳಿಸಿಟ್ಟು ಬರುವ ಪುಟ್ಟಲಿಂಗಣ್ಣ,
ಎರಡನೆಯದಕ್ಕೆ, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ,
ರೈಲ್ವೆಯ ಧರಣಪ್ಪ, ಟ್ಯೂಷನ್ನಿಗೆ ಹೊರಟ ಮೂರು ಹುಡುಗರು.
ಮೂರನೆಯದಕ್ಕೆ ಎಲ್ಲರೂ ತಳ್ಳಬೇಕು, ನಿಯಮ.
ಮುಂಚೆ ಕೈ ಹಾಕಿದವನನ್ನು
ವಾಪಸ್ಸು ಕಳಿಸಿದ್ದೂ ಉಂಟು.

ಹೊಸ ಬ್ಯಾಟರಿ ಹಾಕಿಸಿದೆ, ಮೂರು ದಿನ.
ಡೈನಮೊ ಬಿಚ್ಚಿಸಿದೆ. ಅರ್ತಿಂಗಿನ ವೈರು ತಿಕ್ಕಿಸಿದೆ.
ಸಿಕ್ಕುಗಟ್ಟಿದ ಜಡೆಯಂಥ ವೈರುಗಳನ್ನು ತೋರಿಸಿ
ತಿಪಟೂರಿನವನೊಬ್ಬ ಅಂದ: ಗುಜರಿಗೆ ಹಾಕಿ ಮೇಡಂ.
ಅವನಿಗೆ ಟೀ ಕೊಡಿಸಲಿಲ್ಲ.

ಕೊನೆಗೆ ಅರಸೀಕೆರೆಯ ಗೇಟಿನ ಹತ್ತಿರದ ದಸ್ತಗೀರ್ ಸಾಬರು.
ಹಿಡಿಯಷ್ಟು ಅಂಗಡಿ, ಗೋಡೆ ತುಂಬ ಕಣ್ಣು ಹೋದ ಹೆಡ್‌ಲೈಟು.
"ಕಳ್ಳ ಒಳಗೇ ಅವ್ನೆ," ಅಂದರು ಬಾನೆಟ್ಟು ಎತ್ತುವ ಮುಂಚೆಯೇ.
ಬ್ಯಾಟರಿಯ ಒಂದು ಕಾಲು ಬಿಚ್ಚಿ ನಡುವೆ
ಎರಡು ವೈರಿನ ಪುಟ್ಟ ಬಲ್ಬು ಹಿಡಿದರು.
ಕೀ ನನ್ನ ಜೇಬಲ್ಲಿದೆ. ಬಾಗಿಲೆಲ್ಲ ಮುಚ್ಚಿದೆ.
ಬಲ್ಬು ಉರಿಯಿತು,
ನಿದ್ದೆಗಣ್ಣಿನಲ್ಲಿ, ಮಂಕಾಗಿ.

ಒಂದೊಂದೇ ಫ್ಯೂಸು ಕಿತ್ತರು. ಹಾರನ್ನಿನದು, ಉರೀತಿದೆ.
ವೈಪರಿನದು, ಉರೀತಿದೆ. ಇಂಡಿಕೇಟರು, ಬ್ರೇಕಿನ ಲೈಟು,
ಎಂದೂ ಹಾಡದ ರೇಡಿಯೋ.
ಕಡೆಗೆ ಎಲ್ಲವೂ ನನ್ನ ಅಂಗೈಯಲ್ಲಿ, ಉದುರಿದ ಹಾಲುಹಲ್ಲುಗಳು,
ಬಲ್ಬು ಉರೀತಲೇ ಇದೆ.
ಸಾಬರು ಮೊದಲ ಸಲ ಕನ್ನಡಕ ಹಾಕಿಕೊಂಡರು.

ಯಾವ ಲೆಕ್ಕದಲ್ಲೂ ಇಲ್ಲದ ಒಂದು ಕೆಂಪು ವೈರು,
ಗೋಣಿ ಹೊಲಿಯುವ ದಾರದಷ್ಟು, ಬ್ಯಾಟರಿಯಿಂದ ನೇರ ಹೊರಟು
ರಬ್ಬರಿನ ಸಂದಿಯಲ್ಲಿ ನುಸುಳಿ
ಡ್ಯಾಶ್‌ಬೋರ್ಡಿನ ಡಬ್ಬಿಯ ಬೆನ್ನಿಗೆ ಬಂದು ನಿಂತಿತ್ತು.
ಡಬ್ಬಿ ತೆರೆದರೆ ಒಳಗೆ ದೀಪ, ಗೊತ್ತು,
ಆರು ವರ್ಷದಿಂದ ನೋಡುತ್ತಿದ್ದೇನೆ.
ಮುಚ್ಚಿದ ಮೇಲೆ?
ಮುಚ್ಚಿದ ಮೇಲಿನದನ್ನು ಯಾರು ನೋಡಿದ್ದಾರೆ?

ಬ್ಯಾಟರಿ ಜೋಡಿಸಿ, ಡಬ್ಬಿ ಮುಚ್ಚಿ, ಟೀ ತರಿಸಿದರು.
ಮೈಸೂರು ಪ್ಯಾಸೆಂಜರು ಹೋಯಿತು, ಗೇಟು ಎದ್ದಿತು.
ತಟಕ್ಕನೆ ತೆರೆದು ನನ್ನ ಬೆರಳನ್ನೇ ಮುಟ್ಟಿಸಿದರು.
ಬಿಸಿ. ಈಗಷ್ಟೇ ಹತ್ತಿದ ಬಿಸಿಯಲ್ಲ,
ಕಾದೂ ಕಾದೂ ಕೂತವರದು.
ಎದುರಿಗಿದ್ದ ವಿಮೆಯ ಕಾಗದದ ಮೂಲೆ
ಚಹಾದ ಬಣ್ಣಕ್ಕೆ ತಿರುಗಿತ್ತು.

ಒತ್ತುಗುಂಡಿಯ ಸ್ಪ್ರಿಂಗು ಮುರಿದಿತ್ತು, ಅಷ್ಟೇ ಕಥೆ.
ಕತ್ತರಿಸಲು ಇಕ್ಕಳ ಹಿಡಿದ ಸಾಬರು ತಡೆದರು.
ಬೆಸುಗೆಯನ್ನು ಹತ್ತಿರ, ಇನ್ನೂ ಹತ್ತಿರ ಹಿಡಿದು,
ಯಾವತ್ತೋ ಬರೆದ ಕಾಗದದಲ್ಲಿ ತನ್ನ ಅಕ್ಷರ ಕಂಡವರ ಹಾಗೆ,
"ಅರೆ, ಇದು ನನ್ ಕೈ."
ದನದ ಡಾಕ್ಟರು ಗುರುಶಾಂತಯ್ಯನವರ ಕಾರು.
ರಾತ್ರಿ ಜಾವಗಲ್ಲಿನ ಕಡೆ ಹಸು ಕರು ಹಾಕುವಾಗ
ಸೀಸೆಯ ಮೇಲಿನ ಸಣ್ಣಕ್ಷರ ಓದಕ್ಕೆ ಒಂದು ಬೆಳಕು ಬೇಕು
ದಸ್ತಗೀರಾ, ಅಂದಿದ್ದರಂತೆ.
"ಹಾಕೋಕೆ ಹನ್ನೆರಡು ರೂಪಾಯಿ ತಗೊಂಡಿದ್ದೆ."
ತೆಗೆಯೋಕೆ ನೂರೈವತ್ತು ತಗೊಂಡರು.
ವೈರು ಎಳೆದು ಬಿಸಾಕಲಿಲ್ಲ. ತುದಿಗೆ ಟೇಪು ಸುತ್ತಿ
ಒಳಗೇ ಮಲಗಿಸಿದರು.

ಮಾರನೇ ದಿನ ಅಭ್ಯಾಸಬಲದಿಂದ
ತಲೆ ಹೊರಗೆ, ಬಾಯಲ್ಲಿ ಸೀಟಿ.
ಕೀ ತಿರುಗಿಸಿದೆ. ಪದ್ಮಿನಿ
ಕರೆಯುವುದನ್ನೇ ಕಾಯುತ್ತಿದ್ದವಳ ಹಾಗೆ ಓಗೊಟ್ಟಳು.
ಪುಟ್ಟಲಿಂಗಣ್ಣ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು ನಿಂತ.
ಧರಣಪ್ಪ ಬ್ರಷ್ಷು ತೆಗೆದು, "ಏನ್ ಮಿಸ್,
ಇವತ್ತು ನಾವು ಬೇಡ್ವಾ?"

ಊದಿದೆ. ಒಂದು.
ಎರಡು.
ಮೂರನೆಯದಕ್ಕೆ
ಗುರುಗುಟ್ಟುತ್ತಿದ್ದ ಕಾರನ್ನೇ ನಾಲ್ಕು ಮಾರು ತಳ್ಳಿದರು.
ಹುಡುಗರಿಗೆ ಟ್ಯೂಷನ್ನಿಗೆ ಹೊತ್ತಾಗಿತ್ತು, ಆದರೂ.